ಸಣ್ಣ ವಿಮಾನ ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಪಡೆದು ಹಳೆಯದೊಂದು ಸಣ್ಣ ವಿಮಾನ ಕೊಳ್ಳಲು ಹೊರಟವರಿಗೆ ಎದುರಾಗುವ ಪ್ರಶ್ನೆ ಇದು: ಸೆಸ್ನಾ ಕಂಪನಿಯ 172 ಮಾದರಿ ಸಾಕೇ, ಅದಕ್ಕಿಂತ ದೊಡ್ಡದಾದ 182 ಬೇಕೇ? 1970ರ ದಶಕದ 172ರಲ್ಲಿ 150ರಿಂದ 160 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್. 182ರಲ್ಲಿ 230 ಅಶ್ವಶಕ್ತಿಯ ಆರು ಸಿಲಿಂಡರಿನದು.

ವೇಗಕ್ಕಾಗಿ ದೊಡ್ಡ ಎಂಜಿನ್ ಕೊಳ್ಳಬೇಡಿ. ಗಾಳಿಯ ಎಳೆತ ಎಂಥದೆಂದರೆ, ವೇಗ ಇಮ್ಮಡಿಯಾಗಲು ಹೆಚ್ಚುಕಡಿಮೆ ಎಂಟು ಪಟ್ಟು ಶಕ್ತಿ ಬೇಕು. 500 ಕಿಲೋಮೀಟರ್ ಪ್ರಯಾಣದಲ್ಲಿ 182 ಉಳಿಸಿಕೊಡುವುದು ಸುಮಾರು 20 ನಿಮಿಷ. ಅದಕ್ಕೆ ಕುಡಿಯುವ ಹೆಚ್ಚುವರಿ ಪೆಟ್ರೋಲು 20 ಲೀಟರಿನಷ್ಟು.

ಶಕ್ತಿ ನಿಜವಾಗಿ ಬೇಕಾಗುವುದು ಮೇಲೇರಲು, ಭಾರ ಹೊರಲು. 172ರಲ್ಲಿ ನಾಲ್ಕು ಸೀಟುಗಳಿವೆ, ನಿಜ. ಟ್ಯಾಂಕ್ ತುಂಬಿಸಿದರೆ ಜನರಿಗೂ ಸಾಮಾನಿಗೂ ಸೇರಿ ಹೊರಲು ಉಳಿಯುವುದು 300 ಕಿಲೋ ಆಸುಪಾಸು. ನಾಲ್ವರು ದೊಡ್ಡವರು ಕೂತರೆ ಚೀಲಕ್ಕೆ ಜಾಗವಿಲ್ಲ. ಮೇಲೇರುವ ಮಾತಿಗೆ ಬಂದರೆ, ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಮೆರಿಕದ ಡೆನ್ವರ್ ನಗರದ ಬಳಿಯ ಸೆಂಟೆನಿಯಲ್ ವಿಮಾನ ನಿಲ್ದಾಣ ಹತ್ತಿರ ಹತ್ತಿರ ಅದರ ಎರಡರಷ್ಟು. ಅಲ್ಲಿ 30 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು 9,000 ಅಡಿಯೇ. ಎಂಜಿನ್ ತನ್ನ ಶಕ್ತಿಯ ಕಾಲುಭಾಗವನ್ನು ರನ್‌ವೇಯಲ್ಲೇ ಕಳೆದುಕೊಂಡಿರುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅಂಥ ಕಡೆಯಿಂದ ಹಾರುವವರಿಗೆ 182 ಖಂಡಿತ ಬೇಕು. ತಗ್ಗಿನ ಬಯಲು ಪ್ರದೇಶದಲ್ಲಿ ಇಬ್ಬರೇ ಹಾರುವವರಿಗೆ 172 ಧಾರಾಳ ಸಾಕು.

ಇನ್ನು ಖರ್ಚು. ವಿಮಾನ ನಿಲ್ಲಿಸುವ ಹ್ಯಾಂಗರ್ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ, ಇವು ಹಾರಿದರೂ ಹಾರದಿದ್ದರೂ ತಪ್ಪಿದ್ದಲ್ಲ. 182ರಲ್ಲಿ ಎರಡು ಸಿಲಿಂಡರ್ ಹೆಚ್ಚು. ಹಾರುವಾಗಲೇ ಅಲಗುಗಳ ಕೋನ ಬದಲಿಸುವ ಪ್ರೊಪೆಲ್ಲರ್ ಬೇರೆ, ಅದನ್ನೂ ಕಾಲಕಾಲಕ್ಕೆ ಬಿಚ್ಚಿ ಸರಿಪಡಿಸಬೇಕು. 172ರ ಎಂಜಿನ್‌ಗೆ ತಯಾರಕರು ಹೇಳುವ ಓವರ್‌ಹಾಲ್ ಅವಧಿ, ಅಂದರೆ ಪೂರ್ತಿ ಬಿಚ್ಚಿ ದುರಸ್ತಿ ಮಾಡುವ ಮುನ್ನ ಓಡಿಸಬಹುದಾದ ಅವಧಿ, 2,000 ಗಂಟೆ. 182ರ ಹಲವು ಹಳೆಯ ಎಂಜಿನ್‌ಗಳಿಗೆ 1,500.

ಕಡಿಮೆ ಗಂಟೆ ಓಡಿದೆ ಎಂದ ಮಾತ್ರಕ್ಕೆ ಮರುಳಾಗಬೇಡಿ. 172ರ ಲೈಕಮಿಂಗ್ ಕಂಪನಿಯ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ಕವಾಟಗಳನ್ನು ತೆರೆಯುವ ದಂಡ, ಮೇಲುಗಡೆ ಇರುತ್ತದೆ. ತಿಂಗಳುಗಟ್ಟಲೆ ನಿಂತರೆ ಎಣ್ಣೆ ಕೆಳಗಿಳಿದು, ಆ ದಂಡ ತುಕ್ಕು ಹಿಡಿಯಬಹುದು. ವಾರವಾರ ಹಾರಿದ ಎಂಜಿನ್ನೇ ಎಷ್ಟೋ ಮೇಲು. ಲಾಗ್‌ಬುಕ್‌ನಲ್ಲಿ ಒಟ್ಟು ಗಂಟೆಗಿಂತ ಮೊದಲು ವರ್ಷಕ್ಕೆ ಎಷ್ಟು ಹಾರಿದೆ ನೋಡಿ. ಮಾರುವವರ ಮೆಕ್ಯಾನಿಕ್ ಬೇಡ, ನಿಮ್ಮವರೊಬ್ಬರನ್ನು ಕರೆದೊಯ್ದು, ಎಣ್ಣೆ ಫಿಲ್ಟರನ್ನು ಕತ್ತರಿಸಿ, ಅದರೊಳಗಿನ ಮಡಿಕೆಗಳನ್ನು ಬಿಡಿಸಿ ನೋಡಲು ಹೇಳಿ. ಲೋಹದ ಚೂರು ಮಿನುಗಿದರೆ ಎಂಜಿನ್ ಒಳಗೊಳಗೇ ಸವೆಯುತ್ತಿದೆ ಎಂದರ್ಥ, ಮುಂಗಡ ಕೊಡದೆ ಹಿಂತಿರುಗಿ.