ನಕ್ಷತ್ರ ಒತ್ತಿದರೆ ವಿಡಿಯೊ ಉಳಿಯುವುದಿಲ್ಲ

ನಮಸ್ಕಾರ. ಹಿರಿಯರೆಲ್ಲ ಈ ಕಡೆಯೇ ಕೂತಿದ್ದೀರಿ. ಫ್ಯಾನು ಇಲ್ಲೇ ಇರೋದು ಅಂತ ನನಗೂ ಗೊತ್ತು. ದಾವಣಗೆರೆ ಬಿಸಿಲಿಗೆ ಅದೇ ಸರಿ.

ನಾನು ಕಂಪ್ಯೂಟರ್ ರಿಪೇರಿ ಮಾಡುವವನು, ಭಾಷಣ ಮಾಡುವವನಲ್ಲ. ಹೋದ ಶ್ರಾವಣದಲ್ಲಿ ಅಂಗಡಿಗೆ ಒಬ್ಬ ಅಜ್ಜಾರು ಬಂದರು. ಹರಿಹರದ ಕಡೆ ಹಳ್ಳಿಯವರು, ಈಗ ವಿದ್ಯಾನಗರದಲ್ಲಿ ಮಗನ ಮನೇಲಿ ಇದ್ದಾರೆ. "ತಮ್ಮಾ, ನನ್ನ ಭಜನೆ ಕಳೆದುಹೋಗಿದೆ ನೋಡು" ಅಂದರು. ಅವರೂರ ಗುಡಿಯ ಭಜನೆಯನ್ನು ಯಾರೋ ಯೂಟ್ಯೂಬ್‌ಗೆ ಹಾಕಿದ್ದರಂತೆ. ಎರಡು ವರ್ಷ ದಿನಾ ಸಂಜೆ ಕೇಳಿದ್ದಾರೆ. ಒಂದಿನ ತೆರೆದರೆ, ವಿಡಿಯೊ ಲಭ್ಯವಿಲ್ಲ ಅಂತ ಬಂತು. "ನಕ್ಷತ್ರ ಒತ್ತಿ ಇಟ್ಟಿದ್ದೆನಲ್ಲೋ!"

ಆ ನಕ್ಷತ್ರ ಬ್ರೌಸರ್‌ನ ಬುಕ್‌ಮಾರ್ಕ್. ವಿಳಾಸ ಬರೆದಿಟ್ಟ ಚೀಟಿ ಇದ್ದಂತೆ. ಆ ಮನೆಯವರೇ ಮನೆ ಖಾಲಿ ಮಾಡಿಕೊಂಡು ಹೋದರೆ ಚೀಟಿ ಇಟ್ಟುಕೊಂಡು ಏನು ಮಾಡ್ತೀರಿ?

"ಎರಡು ವರ್ಷ ನನ್ನ ಕಂಪ್ಯೂಟರ್‌ಗೇ ತಾನೆ ಬಂದಿದ್ದು?" ಅಂತ ಅಜ್ಜಾರು ಕೇಳಿದರು. ಒಳ್ಳೆ ಪ್ರಶ್ನೆ. ಬಂದಿದ್ದು ಹೌದು, ಉಳಿದಿಲ್ಲ. ಆನ್‌ಲೈನ್ ವಿಡಿಯೊ ಇಡಿಯಾಗಿ ಬರುವುದಿಲ್ಲ. ಕೆಲವೇ ಸೆಕೆಂಡಿನ ತುಂಡುಗಳಾಗಿ ಬರುತ್ತದೆ. ಎಷ್ಟೋ ಸಲ ಚಿತ್ರದ ತುಂಡು ಬೇರೆ, ದನಿಯ ತುಂಡು ಬೇರೆ. ಬ್ರೌಸರ್ ಎರಡನ್ನೂ ಜೋಡಿಸಿ ತೋರಿಸಿ, ಆಮೇಲೆ ಬಿಸಾಕುತ್ತದೆ. ನೆಟ್ ನಿಧಾನವಾದರೆ ಮುಂದಿನ ತುಂಡನ್ನು ಕಡಿಮೆ ಗುಣಮಟ್ಟದಲ್ಲಿ ತರಿಸಿಕೊಳ್ಳುತ್ತದೆ. ನಡುವೆ ಮುಖ ಮಸುಕಾಗಿ ಚೌಕ ಚೌಕ ಕಾಣೋದು ಅದಕ್ಕೇ. ನಮ್ಮೂರ ಬೆಣ್ಣೆ ದೋಸೆ ಹಾಗೇ ಅಲ್ವಾ? ಕಾವಲಿಯಿಂದ ಒಂದೊಂದೇ ತಟ್ಟೆಗೆ ಬರುತ್ತೆ, ಅಲ್ಲೇ ತಿಂದು ಮುಗಿಸಬೇಕು. ಮನೇಲಿ ಇಟ್ಟುಕೊಳ್ಳಬೇಕು ಅಂದ್ರೆ ಮಂಡಕ್ಕಿ ಚೀಲ ತರಬೇಕು. ಡೌನ್‌ಲೋಡ್ ಅಂದ್ರೆ ಆ ಚೀಲ.

ಚೀಲ ತರುವ ದಾರಿ ಯಾವುದು? ಯೂಟ್ಯೂಬ್ ಆ್ಯಪ್‌ನಲ್ಲೇ ಡೌನ್‌ಲೋಡ್ ಗುಂಡಿ ಇದೆಯಲ್ಲ ಅಂತೀರಿ. ಅದು ಅರ್ಧ ಚೀಲ. ಆ ವಿಡಿಯೊ ಆ್ಯಪ್ ಒಳಗೇ ಇರುತ್ತದೆ, ಪೆನ್‌ಡ್ರೈವ್‌ಗೆ ಹಾಕಲು ಬರುವುದಿಲ್ಲ. ಆಗಾಗ ನೆಟ್‌ಗೆ ಹಾಜರಿ ಹಾಕದಿದ್ದರೆ ಓಡುವುದೂ ಇಲ್ಲ. ಬೇರೆ ತಂತ್ರಾಂಶ ಹಾಕಿ ಎಳೆದುಕೊಳ್ಳುವುದನ್ನು ಅವರ ನಿಯಮ ಒಪ್ಪುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ಸ್ವಲ್ಪ ವಿನಾಯಿತಿ ಕೊಡುತ್ತದೆ, ನಿಜ. ಅಷ್ಟಕ್ಕೇ ಹೊಸ ಸಿನಿಮಾ ಇಳಿಸಿ ಓಣಿಗೆಲ್ಲ ಹಂಚಬಹುದು ಅಂತ ತಿಳಿಯಬೇಡಿ.

ಪುಸ್ತಕ, ಹಾಡು, ವಿಡಿಯೊ ಕೂಡಿಟ್ಟಿರುವ ಇಂಟರ್ನೆಟ್ ಆರ್ಕೈವ್‌ನಂಥ ತಾಣಗಳಲ್ಲಿ ನೇರವಾಗಿ ಇಳಿಸಿಕೊಳ್ಳುವ ಸೌಲಭ್ಯವಿದೆ. ನೀವೇ ಯೂಟ್ಯೂಬ್‌ಗೆ ಹಾಕಿದ ವಿಡಿಯೊ ಆದರೆ ಯೂಟ್ಯೂಬ್ ಸ್ಟುಡಿಯೊದಿಂದ ವಾಪಸ್ ತರಬಹುದು. ಆದರೆ ಅಲ್ಲಿ ಸಿಗುವುದು ಹೆಚ್ಚೆಂದರೆ 720ಪಿ, ಅಂದ್ರೆ ಚಿತ್ರದಲ್ಲಿ ಮೇಲಿಂದ ಕೆಳಗೆ 720 ಚುಕ್ಕಿ ಸಾಲು. ಮೂಲದಷ್ಟು ಸ್ಪಷ್ಟ ಇರದೇ ಇರಬಹುದು. ಅದಕ್ಕೇ ಹೇಳೋದು, ಮೊಮ್ಮಗಳ ಡ್ಯಾನ್ಸ್ ಯೂಟ್ಯೂಬ್‌ನಲ್ಲಿ ಇದೆಯಲ್ಲ ಅಂತ ಮೂಲ ಫೈಲ್ ಅಳಿಸಬೇಡಿ.

ಒಂದು ನಾಚಿಕೆಯ ವಿಷಯ ಹೇಳ್ತೀನಿ. ರಿಪೇರಿಯವನಾದ ನಾನೇ ಒಮ್ಮೆ ಮೋಸ ಹೋದೆ. ಒಂದು ತಾಣದಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಗುಂಡಿ ಇತ್ತು, ಒತ್ತಿದೆ. ಬಂದ ಫೈಲಿನ ಹೆಸರು ವಿಡಿಯೊದ್ದೇ, ಕೊನೆಗೆ ಮಾತ್ರ ಡಾಟ್ ಇಎಕ್ಸ್‌ಇ ಇತ್ತು. ಅಂದ್ರೆ ಅದು ವಿಡಿಯೊ ಅಲ್ಲ, ತೆರೆದ ಕೂಡಲೇ ಓಡುವ ತಂತ್ರಾಂಶ. ವಿಂಡೋಸ್ ಆ ಬಾಲವನ್ನು ಮುಚ್ಚಿಟ್ಟಿತ್ತು, ನನಗೆ ಕಾಣಲಿಲ್ಲ. ಒಂದು ಭಾನುವಾರ ಪೂರ್ತಿ ವಿಂಡೋಸ್ ಹೊಸದಾಗಿ ಹಾಕುತ್ತ ಕೂತೆ. ಇವತ್ತೇ ಮನೆಗೆ ಹೋಗಿ ಯಾವುದಾದರೂ ಫೋಲ್ಡರ್ ತೆರೆಯಿರಿ. ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅಂತ ಇರುತ್ತೆ, ಅದಕ್ಕೆ ಟಿಕ್ ಹಾಕಿ. ವಿಡಿಯೊ ಅಂತ ಬಂದ ಫೈಲಿಗೆ ಇಎಕ್ಸ್‌ಇ ಬಾಲ ಇದ್ದರೆ ತೆರೆಯದೆ ಅಳಿಸಿ.

ಇನ್ನು ಬಾಲದ ಇನ್ನೊಂದು ಗೊಂದಲ. "ಎಂಪಿ4 ಫೈಲೇ ಐತಲ್ಲ, ಯಾಕೆ ಓಡಲ್ಲ?" ಅಂತ ವಾರಕ್ಕೊಬ್ಬರು ಬರ್ತಾರೆ. ಎಂಪಿ4, ಎಂಕೆವಿ, ವೆಬ್‌ಎಂ ಇವೆಲ್ಲ ಡಬ್ಬಿಗಳು. ಅಡುಗೆಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇರಲ್ವಾ, ಹಾಗೆ ಹೊರಗಿನ ಹೆಸರು ಒಂದು, ಒಳಗಿನ ಸರಕು ಇನ್ನೊಂದು. ಒಳಗೆ ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿಟ್ಟ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. 2003ರಲ್ಲಿ ಬಂದ ಎಚ್.264 ಅನ್ನು ಈಗ ಹೆಚ್ಚುಕಮ್ಮಿ ಎಲ್ಲ ಕಂಪ್ಯೂಟರ್, ಟಿವಿ ಓಡಿಸುತ್ತವೆ. ಆಮೇಲೆ ಎಚ್.265, ವಿಪಿ9 ಬಂದವು. 2018ರಲ್ಲಿ ಎವಿ1 ಬಂತು. ಹೊಸದು ಜಾಗ ಕಡಿಮೆ ತಿನ್ನುತ್ತದೆ, ಆದರೆ ಬಿಚ್ಚಿ ತೋರಿಸಲು ಕಂಪ್ಯೂಟರ್ ಜಾಸ್ತಿ ಬೆವರು ಸುರಿಸಬೇಕು. ಹತ್ತು ವರ್ಷದ ಹಳೇ ಪೆಟ್ಟಿಗೆಯಲ್ಲಿ ಎವಿ1 ವಿಡಿಯೊ ತಡವರಿಸಿದರೆ ನೆಟ್‌ನವರನ್ನು ಬೈಯಬೇಡಿ. ಎಚ್.264ರಲ್ಲಿ ಸಿಗುತ್ತಾ ನೋಡಿ.

ವಿಡಿಯೊ ನೋಡಲು ವಿಎಲ್‌ಸಿ ಅನ್ನೋ ತಂತ್ರಾಂಶ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಪ್ಯಾರಿಸ್‌ನ ಒಂದು ಕಾಲೇಜಿನ ಹುಡುಗರು 1996ರಲ್ಲಿ ಶುರು ಮಾಡಿದ ಕೆಲಸ ಅದು, 2001ರಿಂದ ಎಲ್ಲರಿಗೂ ಮುಕ್ತ. ಆ ಹುಡುಗರು ರಸ್ತೆಗೆ ಇಡುವ ಕಿತ್ತಳೆ ಕೋನ್‌ಗಳನ್ನು ಹಾಸ್ಟೆಲಿಗೆ ತಂದಿಟ್ಟುಕೊಂಡಿದ್ದರಂತೆ, ಅದೇ ಗುರುತಾಯಿತು. ಕಾಲೇಜು ಹುಡುಗರು ಎಲ್ಲ ಊರಲ್ಲೂ ಒಂದೇ! ವಿಎಲ್‌ಸಿಯಲ್ಲಿ ಕಂಟ್ರೋಲ್ ಜೊತೆ ಜೆ ಒತ್ತಿದರೆ ಡಬ್ಬಿಯೊಳಗೆ ಯಾವ ಕೋಡೆಕ್ ಇದೆ ಅಂತ ತೋರಿಸುತ್ತದೆ. ತುಟಿ ಒಂದು ಕಡೆ, ಮಾತು ಒಂದು ಕಡೆ ಆದರೆ ಬರೀ ಜೆ ಅಥವಾ ಕೆ ಒತ್ತುತ್ತ ಹೋಗಿ, ದನಿ ಹಿಂದೆ ಮುಂದೆ ಸರಿಯುತ್ತದೆ. ಭಜನೆ ಕಲಿಯುವವರು ಎಡಗಡೆಯ ಚೌಕ ಆವರಣದ ಕೀಲಿಯಿಂದ ಹಾಡನ್ನು ನಿಧಾನ ಮಾಡಿ ಕೇಳಬಹುದು.

ಜಾಗದ ಲೆಕ್ಕ ಒಂದು ಹೇಳಿಬಿಡ್ತೀನಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 5 ಮೆಗಾಬಿಟ್ ಇರುವ ವಿಡಿಯೊ ಗಂಟೆಗೆ 2.25 ಜಿಬಿ ಆಗುತ್ತದೆ. ಎರಡು ಗಂಟೆಯ ಮದುವೆ ವಿಡಿಯೊ 4.5 ಜಿಬಿ. ಅದನ್ನು 32 ಜಿಬಿ ಖಾಲಿ ಪೆನ್‌ಡ್ರೈವ್‌ಗೆ ಹಾಕಲು ಹೋದರೆ, ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. ಪೆನ್‌ಡ್ರೈವ್ ಕೆಟ್ಟಿಲ್ಲ. ಫೈಲುಗಳನ್ನು ಜೋಡಿಸಿಡಲು ಫ್ಯಾಟ್32 ಅನ್ನೋ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದೊಂದು ಫೈಲಿಗೆ 4 ಜಿಬಿಯೇ ಮಿತಿ. ಫಾರ್ಮ್ಯಾಟ್ ಮಾಡಿ ಎಕ್ಸ್‌ಫ್ಯಾಟ್ ಅನ್ನೋ ಹೊಸ ಪದ್ಧತಿಗೆ ಬದಲಾಯಿಸಿದರೆ ಹಿಡಿಯುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಕೆಲವು ಹಳೇ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ, ಅಂಥ ಕಡೆ ವಿಡಿಯೊ ಎರಡು ತುಂಡು ಮಾಡಬೇಕು.

ಅಜ್ಜಾರ ಭಜನೆ ಏನಾಯ್ತು ಅಂತ ಕೇಳ್ತಿದ್ದೀರಿ. ನೆಟ್‌ನಲ್ಲಿ ಹುಡುಕಿ ಹುಡುಕಿ ನನಗೆ ಸಾಕಾಯಿತು. ಕೊನೆಗೆ ಅಜ್ಜಾರೇ ಊರಿಗೆ ಫೋನ್ ಮಾಡಿದರು. ಹಾಕಿದ್ದು ಗುಡಿ ಪೂಜಾರಿಯ ಮಗನೇ, ಚಾನೆಲ್ ಬೇಡ ಅಂತ ಮುಚ್ಚಿದ್ದನಂತೆ. ಮೂಲ ಫೈಲ್ ಅವನ ಹತ್ತಿರ ಇತ್ತು. ಮುಂದಿನ ವಾರ ಬಸ್ಸಲ್ಲಿ ಪೆನ್‌ಡ್ರೈವ್ ಬಂತು. ಫೈಲಿನ ಹೆಸರು ಬರೀ ಅಂಕಿಗಳು. ಅಜ್ಜಾರು ನನ್ನ ಪಕ್ಕ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, "ನಮ್ಮೂರ ಭಜನೆ" ಅಂತ ಹೆಸರು ಬದಲಾಯಿಸಿದರು. ಆಮೇಲೆ ಅದರ ಮೂರು ಕಾಪಿ ಮಾಡಿಸಿಕೊಂಡೇ ಎದ್ದರು.

ಚಹಾ ಬಂತು. ಪೆನ್‌ಡ್ರೈವ್ ತಂದಿರುವವರು ಮೊದಲು ಬನ್ನಿ, ಯಾವುದರಲ್ಲಿ ಫ್ಯಾಟ್32 ಇದೆ ನೋಡೋಣ.