ದಂಡ ಕಟ್ಟುವವರು ಯಾರು?

ನಮಸ್ಕಾರ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹೋದ ವಾರ ರಾತ್ರಿ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗಿರ್ಮಿಟ್ ಗಾಡಿಯ ಪಕ್ಕ ಹೂವು ಮಾರುವ ಅಕ್ಕ ಕುಳಿತಿದ್ದರು. ಕುಡಿದು ತೂರಾಡುತ್ತ ಬಂದವನೊಬ್ಬ ಅವರ ಬುಟ್ಟಿಗೆ ಒದ್ದ. ಸಾಲದ್ದಕ್ಕೆ ಅವರಿಗೇ ಹೊಲಸು ಬೈದ. ಸೇವಂತಿಗೆ ಮಾಲೆಗಳು ಗಟಾರದ ಪಾಲಾದವು. ಜನ ಮೊಬೈಲ್ ಎತ್ತಿದರು. ಅಕ್ಕ ಒಂದೊಂದೇ ಮಾಲೆ ಹೆಕ್ಕಿ, ಸೆರಗಿನಿಂದ ಒರೆಸಿ, ಕೆಸರು ಹತ್ತದ್ದನ್ನು ಬೇರೆ ಇಟ್ಟರು.

ಕುಡಿದು ಬಂದು ಸಾರ್ವಜನಿಕ ಸ್ಥಳದಲ್ಲಿ ಇನ್ನೊಬ್ಬರಿಗೆ ಕಿರಿಕಿರಿಯಾಗುವಂತೆ ನಡೆದುಕೊಂಡರೆ ಅದು ಅಪರಾಧ. 1860ರ ಭಾರತೀಯ ದಂಡ ಸಂಹಿತೆಯ (ಐಪಿಸಿ) 510ನೇ ಕಲಂ ಇದಕ್ಕೆ 24 ಗಂಟೆಯವರೆಗೆ ಸಾದಾ ಸೆರೆವಾಸ, ಇಲ್ಲವೇ 10 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತಿತ್ತು. ಹತ್ತು ರೂಪಾಯಿಗೆ ಇಂದು ಒಂದು ಮೊಳ ಹೂವೂ ಸಿಗುವುದಿಲ್ಲ! ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ದಂಡವನ್ನು 1,000 ರೂಪಾಯಿವರೆಗೆ ಏರಿಸಿದೆ, ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ.

ನನಗೆ ಬೇಕಿರುವುದು ಆ ಸೇವೆಯೇ. ಸಾವಿರ ರೂಪಾಯಿಯನ್ನು ಕುಡುಕ ಕಟ್ಟುತ್ತಾನೆಯೇ? ಅವನ ಹೆಂಡತಿ ಕಟ್ಟುತ್ತಾಳೆ. ಸಂಘದ ಕಂತಿಗೆಂದು ಡಬ್ಬಿಯಲ್ಲಿ ಎತ್ತಿಟ್ಟ ರೊಕ್ಕ ಅದು. ಮನೆಯಲ್ಲಿ ಪೆಟ್ಟು ತಿನ್ನುವವಳೇ ಬೀದಿಯ ತಪ್ಪಿಗೂ ದಂಡ ತೆರಬೇಕಾಗುತ್ತದೆ. ಅದರ ಬದಲು ಅವನೇ ನಸುಕಿನಲ್ಲಿ ಎದ್ದು, ಪೊರಕೆ ಹಿಡಿದು ಇದೇ ಬೈಲನ್ನು ಗುಡಿಸಲಿ. ಆದರೆ ಅದನ್ನು ನ್ಯಾಯಾಲಯ ವಿಧಿಸಬೇಕು. ಬೀದಿಯಲ್ಲಿ ಲಾಠಿ ಬೀಸುವುದು ಶಿಕ್ಷೆಯಲ್ಲ. ಬಸ್ ನಿಲ್ದಾಣದ ಮೂಲೆಯಲ್ಲಿ ಸುಮ್ಮನೆ ಮಲಗಿದ ನಿರ್ಗತಿಕನನ್ನು ಎಬ್ಬಿಸಿ ಓಡಿಸುವುದಕ್ಕೂ ಈ ಕಲಂ ಬಳಕೆಯಾಗಬಾರದು. ಅವನು ಯಾರಿಗೂ ತೊಂದರೆ ಕೊಟ್ಟಿಲ್ಲ.

ಬುಟ್ಟಿಗೆ ಒದ್ದವನಿಗೆ ಏನು ಶಿಕ್ಷೆಯಾಗಬೇಕು ಎಂದು ಅಕ್ಕನನ್ನು ಕೇಳಿದೆ. "ಜೈಲು ಬೇಡ ಅಣ್ಣ, ನನ್ನ ಹೂವಿನ ರೊಕ್ಕ ಕೊಡಿಸಿ, ಸಾಕು" ಎಂದರು. ಅಪರಾಧ ಪ್ರಕರಣಗಳ ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಮಿನಡಿ ನ್ಯಾಯಾಲಯ ನೊಂದವರಿಗೆ ಪರಿಹಾರ ಕೊಡಿಸಬಹುದು. ಆದರೆ ಅಕ್ಕ ಠಾಣೆಗೆ, ಅಲ್ಲಿಂದ ನ್ಯಾಯಾಲಯಕ್ಕೆ ಅಲೆಯುತ್ತಿದ್ದರೆ ಅವರ ಬುಟ್ಟಿ ತುಂಬುವುದು ಹೇಗೆ? ಅಂದು ಮೊಬೈಲ್ ಎತ್ತಿದವರೇ, ಆ ವಿಡಿಯೊ ಅಳಿಸಬೇಡಿ. ಅಕ್ಕ ದೂರು ಕೊಡುವುದಾದರೆ ಸಾಕ್ಷಿ ಹೇಳಲು ನಾನು ಬರುತ್ತೇನೆ. ನೀವೂ ಬನ್ನಿ.