ಸುದ್ದಿಯಾಗದ ಸಾಹಸಗಳು

ಎಲ್ಲರಿಗೂ ನಮಸ್ಕಾರ. ಕಂಕುಳಲ್ಲಿ ಕೂಸಿಟ್ಟುಕೊಂಡೇ ಬಂದಿರುವ ತಾಯಂದಿರಿಗೆ, ಬಾಗಿಲ ಹತ್ತಿರವೇ ನಿಂತುಬಿಟ್ಟ ಅಪ್ಪಂದಿರಿಗೆ ಇನ್ನೊಂದು ನಮಸ್ಕಾರ. ಒಳಗೆ ಬನ್ನಿ, ಜಾಗ ಇದೆ.

ಮಗು ಬೋರಲು ಬಿದ್ದರೆ ಊರಿಗೆಲ್ಲ ಸುದ್ದಿ. ಹೊಸ್ತಿಲು ದಾಟಿದರೆ ಸಿಹಿ. ಮೊದಲ ಹೆಜ್ಜೆಗೆ ವಿಡಿಯೊ. ಬೇಡ ಅನ್ನುವುದಿಲ್ಲ, ನಮ್ಮ ಮನೆಯಲ್ಲೂ ಹಂಚಿದ್ದೇವೆ. ಆದರೆ ಈ ಸಂಭ್ರಮಗಳ ನಡುವೆ ಯಾರ ಕಣ್ಣಿಗೂ ಬೀಳದೆ ನಡೆದುಹೋಗುವುದು ಬಹಳ ಇದೆ.

ಕೈಯನ್ನೇ ತಗೊಳ್ಳಿ. ಎಳೆಗೂಸಿನ ಅಂಗೈಗೆ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ. ಅದು ಪ್ರೀತಿಯಿಂದಲ್ಲ, ಹುಟ್ಟಿನೊಂದಿಗೇ ಬಂದ ಪ್ರತಿವರ್ತನೆ. ಅಜ್ಜಿಯರು ಬೇಜಾರಾಗಬಾರದು. ಮೂರು ನಾಲ್ಕು ತಿಂಗಳಿಗೆ ಮುಷ್ಟಿ ಸಡಿಲವಾಗುತ್ತದೆ, ಮಗು ತನ್ನ ಕೈಯನ್ನೇ ನೋಡುತ್ತಾ ಮಲಗಿರುತ್ತದೆ. ಆರೇಳು ತಿಂಗಳಿಗೆ ಗಿಲಕಿಯನ್ನು ಈ ಕೈಯಿಂದ ಆ ಕೈಗೆ ದಾಟಿಸುತ್ತದೆ.

ಆಮೇಲೆ ಬರುವುದು ನನಗೆ ಎಲ್ಲಕ್ಕಿಂತ ಇಷ್ಟ. ನನ್ನ ಮಗಳು ಒಂದು ಮಧ್ಯಾಹ್ನ ಚಾಪೆಯ ಮೇಲೆ ಬಿದ್ದಿದ್ದ ಅನ್ನದ ಅಗುಳು ನೋಡಿದಳು. ಐದೂ ಬೆರಳಿಂದ ಗೋರಿದಳು, ಅಗುಳು ಜಾರಿತು. ಮತ್ತೆ ಗೋರಿದಳು. ಕೊನೆಗೆ ತೋರುಬೆರಳಿಂದ ಒತ್ತಿ, ಹೆಬ್ಬೆರಳನ್ನು ಮೆಲ್ಲಗೆ ಹತ್ತಿರ ತಂದು, ತುಟಿ ಚೂಪು ಮಾಡಿಕೊಂಡು ಎತ್ತಿಯೇಬಿಟ್ಟಳು. ಎತ್ತಿದವಳು ನನ್ನ ಮುಖ ನೋಡಿದಳು. ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಕೂಡಿಬರುವ ಈ ಚಿಟಿಕೆ ಹಿಡಿತವೇ ಮುಂದೆ ಅಂಗಿ ಗುಂಡಿ ಹಾಕುವುದಕ್ಕೆ, ಬಳಪ ಹಿಡಿಯುವುದಕ್ಕೆ ಬೇಕಾದದ್ದು. ಹಾಗೇ ಕಡಲೆಬೀಜ, ನಾಣ್ಯ, ಗುಂಡು ಬ್ಯಾಟರಿ ಎಲ್ಲ ಅಟ್ಟಕ್ಕೇರಬೇಕಾದ ಕಾಲವೂ ಇದೇ. ಎತ್ತಿದ್ದೆಲ್ಲ ನೇರ ಬಾಯಿಗೆ.

ಇನ್ನು ತಾರೀಕಿನ ಜಗಳ. ‘ಪಕ್ಕದ ಮನೆ ಮಗು ಹತ್ತು ತಿಂಗಳಿಗೇ ನಡೀತು’ ಅನ್ನುವ ಮಾತು ಎಷ್ಟು ತಾಯಂದಿರ ನಿದ್ದೆ ಕೆಡಿಸಿದೆಯೋ! ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಲೆಕ್ಕ ಪ್ರಕಟಿಸಿತು. ಆಸರೆಯಿಲ್ಲದೆ ನಡೆಯುವುದಕ್ಕೆ ಅದು ಕೊಟ್ಟ ಅವಧಿ ಸುಮಾರು 8ರಿಂದ 17.5 ತಿಂಗಳು. ನೂರಕ್ಕೆ ನಾಲ್ಕು ಮಕ್ಕಳು ಕೈ ಮಂಡಿ ಊರಿ ಅಂಬೆಗಾಲಿಡಲೇ ಇಲ್ಲ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ವೈದ್ಯರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಲೆಕ್ಕ ಹಾಕಬೇಕು, ಹುಟ್ಟಿದ ದಿನದಿಂದಲ್ಲ.

ಹಾಗಂತ ‘ತಾನಾಗೇ ಸರಿಹೋಗತ್ತೆ’ ಎಂದು ಕೂರುವುದೂ ಸರಿಯಲ್ಲ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಟ್ಟುಕೊಂಡರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ತೋರಿಸಿ. ಬಂದ ವಿದ್ಯೆ ಹಿಂದಕ್ಕೆ ಹೋದರೆ, ಅಂದರೆ ತೊದಲುತ್ತಿದ್ದ ಮಗು ಸುಮ್ಮನಾದರೆ, ಮುಂದಿನ ಲಸಿಕೆಯ ದಿನದವರೆಗೂ ಕಾಯಬೇಡಿ.

ಇಲ್ಲೊಂದು ಚೀಟಿ ಬಂದಿದೆ: ‘ಮಾವ ವಾಕರ್ ತಂದಿದ್ದಾರೆ, ಕೂರಿಸಬಹುದೇ?’ ಬೇಡಮ್ಮ. ವಾಕರಿನಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿಂದ ಉರುಳಿದ ಮಕ್ಕಳ ಕಾರಣಕ್ಕೇ ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮಾವನವರಿಗೆ ಹೇಳುವುದು ಕಷ್ಟವಾದರೆ ಡಾಕ್ಟರಮ್ಮ ಬೈದರು ಅನ್ನಿ. ಮುಂದಿನ ಚೀಟಿ ಕೊಡಿ.